ಕಾರವಾರ ಪೇಟೆಯ ಮೀನೂಟ: ಬೋರ್ಡ್ ಬಿಡಿ, ದಿನ ನೋಡಿ

ಶಿರಸಿ, ಸಿದ್ದಾಪುರ, ಯಲ್ಲಾಪುರದವರಿಗೆ ಕಾರವಾರ ಅಂದರೆ ಮೊದಲು ಕಚೇರಿ. ಜಿಲ್ಲಾಧಿಕಾರಿ ಕಚೇರಿಯಲ್ಲಿ ಒಂದು ಸಹಿ, ಕೋರ್ಟಿನಲ್ಲಿ ಒಂದು ತಾರೀಕು. ಬೆಳಿಗ್ಗೆ ಬೇಗ ಬಸ್ಸು ಹತ್ತಿ ಘಟ್ಟ ಇಳಿಯುತ್ತೇವೆ. ಅಲ್ಲಿ ಹೋದರೆ ಸಾಹೇಬರು ಮೀಟಿಂಗಿನಲ್ಲಿ. ಮಧ್ಯಾಹ್ನದ ಮೇಲೆ ಬನ್ನಿ ಅನ್ನುತ್ತಾರೆ. ಆಗ ಮಾಡುವುದೇನು? ಊಟ. ನಾನು ಕಾರವಾರದ ಮೀನೂಟ ಕಲಿತದ್ದು ಹೀಗೆ, ಕೆಲಸ ಆಗದ ಮಧ್ಯಾಹ್ನಗಳಲ್ಲಿ.

ಕಲಿಯುವುದೇನಿದೆ, ಕೂತು ಉಂಡರಾಯಿತು ಅನ್ನಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಮೊದಮೊದಲು ಹೋದಾಗಲೆಲ್ಲ ಪಾಂಪ್ಲೆಟ್ ಫ್ರೈ ಹೇಳುತ್ತಿದ್ದೆ. ಗೊತ್ತಿದ್ದ ದೊಡ್ಡ ಹೆಸರು ಅದೊಂದೇ. ಪಕ್ಕದ ಮೇಜಿನಲ್ಲಿ ಊರಿನವರು ನನಗಿಂತ ಕಾಲು ಭಾಗದ ದುಡ್ಡಿಗೆ ತಾರ್ಲೆ ಅನ್ನುವ ಸಣ್ಣ ಮೀನಿನ ಸಾರಿನಲ್ಲಿ ಅನ್ನ ಕಲಸಿ, ಬೆರಳು ಚೀಪಿ ಎದ್ದು ಹೋಗುತ್ತಿದ್ದರು. ಅವರಿಗೆ ಗೊತ್ತಿದ್ದದ್ದು ನನಗೆ ಗೊತ್ತಾಗಲು ಬಹಳ ಊಟ ಬೇಕಾಯಿತು.

ವಿಷಯ ಇಷ್ಟೇ. ಪಾಂಪ್ಲೆಟ್, ಇಸವಾಣದಂಥ ಮೀನು ಐಸಿನಲ್ಲಿ ನಾಲ್ಕು ದಿನ ತಡೆಯುತ್ತದೆ. ಹಾಗಾಗಿ ಅದು ಹುಬ್ಬಳ್ಳಿಗೂ ಹೋಗುತ್ತದೆ, ಬೆಂಗಳೂರಿಗೂ ಹೋಗುತ್ತದೆ. ತಾರ್ಲೆ, ಬಂಗಡೆ ಹಾಗಲ್ಲ. ಅವುಗಳಲ್ಲಿ ಎಣ್ಣೆ ಜಾಸ್ತಿ. ಆ ಎಣ್ಣೆಯಿಂದಲೇ ರುಚಿ, ಆ ಎಣ್ಣೆಯೇ ಬೇಗ ಕೆಡುವುದು. ಬೆಳಿಗ್ಗೆ ದಡಕ್ಕೆ ಬಂದ ತಾರ್ಲೆಯನ್ನು ಮಧ್ಯಾಹ್ನ ಉಣ್ಣಬೇಕೆಂದರೆ ದಡದ ಊರಿಗೇ ಬರಬೇಕು. ಇಷ್ಟು ದೂರ ಬಂದು, ನಿಮ್ಮೂರಿನಲ್ಲೂ ಸಿಗುವ ಮೀನನ್ನೇ ಹೇಳಿದರೆ ಬಂದದ್ದಕ್ಕೆ ಏನು ಬಂತು? ಮುಂದೆ ಬರೆದದ್ದೆಲ್ಲ ಈ ಒಂದು ಮಾತಿನ ಸುತ್ತಲೇ ಇದೆ.

ಮೊದಲು ಕ್ಯಾಲೆಂಡರ್ ನೋಡಿ

ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. 61 ದಿನ. ಮೀನು ಮರಿ ಮಾಡುವ ಕಾಲ, ಕಡಲೂ ಎದ್ದಿರುತ್ತದೆ. ಬೈತಖೋಲ ಬಂದರಿನಲ್ಲಿ ಬೋಟುಗಳು ಸಾಲಾಗಿ ಕಟ್ಟಿಕೊಂಡು ನಿಂತಿರುತ್ತವೆ. ಸಣ್ಣ ನಾಡದೋಣಿಗಳಿಗೆ ಮಾತ್ರ ವಿನಾಯಿತಿ ಇದೆ. ಅವರು ತಂದದ್ದು, ಕಾಳಿ ನದಿಯ ಅಳಿವೆಯಲ್ಲಿ ಸಿಕ್ಕಿದ್ದು, ಇಷ್ಟೇ ಹಸಿ ಮೀನು. ಉಳಿದದ್ದು ಐಸಿನದು ಅಥವಾ ಹೊರಗಿನಿಂದ ಬಂದದ್ದು.

ಇದು ಗೊತ್ತಿದ್ದೂ ನಾನೊಮ್ಮೆ ಮೋಸ ಹೋದೆ. ಬೆಂಗಳೂರಿನಿಂದ ಬಂದ ಗೆಳೆಯರಿಗೆ ಕಾರವಾರದ ಮೀನು ತಿನ್ನಿಸುತ್ತೇನೆಂದು ಜುಲೈ ತಿಂಗಳಲ್ಲಿ ಕರೆದುಕೊಂಡು ಹೋದೆ. ಸೋಮವಾರ ಬೇರೆ. ದೊಡ್ಡ ಪಾಂಪ್ಲೆಟ್ ಹೇಳಿದೆ. ಮೇಲೆ ಕೆಂಪು ಮಸಾಲೆ ಚೆನ್ನಾಗಿಯೇ ಇತ್ತು. ಒಳಗೆ ಹತ್ತಿ. ಬಾಯಿಗಿಟ್ಟರೆ ರಸವೇ ಇಲ್ಲ. ಗೆಳೆಯರು ಒಳ್ಳೆಯವರು, ಸೂಪರ್ ಅಂದರು. ಅವರು ಸುಮ್ನೆ ಹಾಗಂದದ್ದು ನನಗೆ ತಿಳಿಯಿತು. ಅದೇ ಹೊತ್ತಿಗೆ ಎದುರಿನ ಮೇಜಿನ ಅಜ್ಜ ಒಬ್ಬರು ಒಣ ಸಿಗಡಿಯ ಕಿಸ್ಮೂರ್ ಹಾಕಿಸಿಕೊಂಡು, ಗಂಜಿಯಂಥ ಬಿಸಿ ಅನ್ನದ ಜೊತೆ ನೆಮ್ಮದಿಯಾಗಿ ಉಣ್ಣುತ್ತಿದ್ದರು. ಮಳೆಗಾಲದ ಊಟ ಅಂದರೆ ಅದು. ಒಣಮೀನನ್ನು ಹುರಿದು, ಪುಡಿ ಮಾಡಿ, ಹಸಿ ತೆಂಗಿನ ತುರಿ, ಈರುಳ್ಳಿ, ಮೆಣಸು, ಹುಳಿ ಬೆರೆಸಿದ್ದು. ತಪ್ಪು ಹೋಟೆಲಿನದಲ್ಲ, ಅವರು ಇದ್ದದ್ದನ್ನು ಕೊಟ್ಟರು. ಕೇಳಿದವನು ನಾನು.

ಆಗಸ್ಟ್‌ನಲ್ಲಿ ಬೋಟು ಇಳಿದ ಮೇಲೆ ಪೇಟೆಗೆ ಜೀವ ಬರುತ್ತದೆ. ಆದರೆ ಶ್ರಾವಣ, ಚೌತಿ ಅಂತ ಬಹಳ ಮನೆಗಳಲ್ಲಿ ಆಗ ಮೀನಿಲ್ಲ. ಮೀನು ಬಂದಿರುತ್ತದೆ, ತಿನ್ನುವವರು ಕಡಿಮೆ. ವ್ರತ ಇಲ್ಲದವರಿಗೆ ಇದು ಒಳ್ಳೆಯ ಕಾಲ ಅಂತ ನನ್ನ ಅಭಿಪ್ರಾಯ. ಗಣಪತಿ ಮುಳುಗಿದ ಮೇಲೆ ಖಾನಾವಳಿಗಳಲ್ಲಿ ಜಾಗ ಸಿಗುವುದಿಲ್ಲ. ಚಳಿಗಾಲ ಮುಗಿಯುವವರೆಗೂ ಊಟ ಚೆನ್ನಾಗಿಯೇ ಇರುತ್ತದೆ.

ವಾರದಲ್ಲಿ ಬುಧವಾರ, ಶುಕ್ರವಾರ ನನ್ನ ಆಯ್ಕೆ. ಸೋಮವಾರ ಬಹಳ ಜನ ಮೀನು ಬಿಡುತ್ತಾರೆ, ಅಡುಗೆಮನೆಯೂ ಮಂಕು. ಭಾನುವಾರ ಸಂತೆ, ಮೇಲೆ ಪ್ರವಾಸಿಗರು. ಆ ದಿನ ಹೋಗುವುದಾದರೆ ಹನ್ನೆರಡೂವರೆಗೇ ಕೂತುಬಿಡಿ.

ಯಾವ ದಿನವಾದರೂ ಹೊತ್ತು ಮುಖ್ಯ. ಒಂದೂವರೆಗೆ ಕಚೇರಿಗಳವರು ಬರುತ್ತಾರೆ. ಅದಕ್ಕೆ ಮೊದಲು ಸಾರು ಬಿಸಿಯಾಗಿರುತ್ತದೆ, ಮೀನಿನ ತುಂಡು ಪಾತ್ರೆಯಲ್ಲಿ ಇಡಿಯಾಗಿರುತ್ತದೆ. ಎರಡೂವರೆ ಆದ ಮೇಲೆ ತಳದ ಸಾರು, ಅದರಲ್ಲಿ ಮುಳ್ಳು ಮಾತ್ರ. ರಾತ್ರಿ ಊಟಕ್ಕೆ ಹೋಗುವವರಿದ್ದಾರೆ. ರಾತ್ರಿ ಫ್ರೈ ಸಿಗುತ್ತದೆ. ಸಾರು ಮಧ್ಯಾಹ್ನದ್ದೇ ಇರುವುದು ಹೆಚ್ಚು.

ಬೆಂಗಳೂರಿನವರಿಗೆ ಒಂದು ಮಾತು. ಪಂಚಗಂಗಾ ಎಕ್ಸ್‌ಪ್ರೆಸ್ ಬೆಳಿಗ್ಗೆ ತಂದು ಇಳಿಸುತ್ತದೆ. ಆದರೆ ರೈಲು ನಿಲ್ದಾಣ ಇರುವುದು ಶಿರವಾಡದಲ್ಲಿ, ಪೇಟೆಯಿಂದ ಹೊರಗೆ. ಆಟೋ ಹಿಡಿದು ಬಸ್ ಸ್ಟ್ಯಾಂಡ್ ಕಡೆ ಬನ್ನಿ. ಊಟದ ಹೊತ್ತಿನವರೆಗೆ ಟಾಗೋರ್ ಕಡಲತೀರದಲ್ಲಿ ಅಡ್ಡಾಡಬಹುದು. ಬೆಳಗಿನ ತಿಂಡಿ ಕಡಿಮೆ ತಿನ್ನಿ.

ಯಾವ ಹೋಟೆಲ್?

ಹೆಸರು ಹೇಳುವುದಿಲ್ಲ. ಅಡುಗೆಯ ಕೈ ಬದಲಾದರೆ ಬೋರ್ಡ್ ಅದೇ ಇದ್ದರೂ ರುಚಿ ಅದೇ ಇರುವುದಿಲ್ಲ. ಗುರುತು ಹೇಳುತ್ತೇನೆ, ಅದನ್ನು ಹಿಡಿದು ಹುಡುಕಿ.

ಬಸ್ ಸ್ಟ್ಯಾಂಡಿನಿಂದ ಮಾರುಕಟ್ಟೆ ಕಡೆ ಹೋಗುವ ರಸ್ತೆಗಳಲ್ಲಿ, ಗ್ರೀನ್ ಸ್ಟ್ರೀಟ್ ಸುತ್ತಮುತ್ತ ಮೂರು ಬಗೆಯ ಜಾಗ ಸಿಗುತ್ತವೆ. ಒಂದು ಲಂಚ್ ಹೋಮ್ ಅಥವಾ ಖಾನಾವಳಿ. ನಾಲ್ಕಾರು ಮೇಜು, ಮನೆಯವರೇ ಬಡಿಸುವುದು, ಮಧ್ಯಾಹ್ನ ಮುಗಿದರೆ ಬಾಗಿಲು. ಎರಡನೆಯದು ಬಾರ್ ಅಂಡ್ ರೆಸ್ಟೋರೆಂಟ್. ಮೀನು ಅಲ್ಲಿಯೂ ಚೆನ್ನಾಗಿರಬಹುದು. ಆದರೆ ಫ್ರೈಗೇ ಮರ್ಯಾದೆ, ಸಾರು ಹೆಸರಿಗೆ. ಮಕ್ಕಳು, ಅಜ್ಜಿಯನ್ನು ಕರೆದುಕೊಂಡು ಹೋದರೆ ಫ್ಯಾಮಿಲಿ ರೂಮ್ ಬೇರೆ ಇದೆಯಾ ಅಂತ ಬಾಗಿಲಲ್ಲೇ ಕೇಳಿ. ಮೂರನೆಯದು ಎಸಿ ಹೋಟೆಲ್. ಅಲ್ಲಿ ಮೆನು ಕಾರ್ಡಿನಲ್ಲಿ ಪನೀರ್, ಮಂಚೂರಿ, ಮೀನು ಎಲ್ಲ ಇರುತ್ತದೆ. ಎಲ್ಲವೂ ಇರುವಲ್ಲಿ ನಾನು ಮೀನು ತಿನ್ನುವುದಿಲ್ಲ.

ಮೊದಲ ಸಲ ಹೋಗುವವರಿಗೆ ಖಾನಾವಳಿಯೇ ಸರಿ. ಒಳಗೆ ಹೋಗುವ ಮೊದಲು ಎರಡು ನಿಮಿಷ ಹೊರಗೆ ನಿಲ್ಲಿ. ಮೂಗು ಕೆಲಸ ಮಾಡಲಿ. ಕಾದ ತೆಂಗಿನೆಣ್ಣೆ, ಹುರಿದ ಮಸಾಲೆಯ ವಾಸನೆ ಬಂದರೆ ಸರಿ. ಹಳಸಿದ ಎಣ್ಣೆಯ ಕಮಟು ಬಂದರೆ ಮುಂದಿನ ಬಾಗಿಲು. ಉಣ್ಣುತ್ತಿರುವವರು ಯಾರು ಅಂತಲೂ ನೋಡಿ. ಬ್ಯಾಂಕಿನವರು, ಕರಿಕೋಟಿನ ವಕೀಲರು, ಬೋಟಿನ ಹುಡುಗರು ಒಂದೇ ಕೋಣೆಯಲ್ಲಿದ್ದರೆ ಧೈರ್ಯವಾಗಿ ಹೋಗಿ. ಮೀನು ಹಿಡಿಯುವವನು ದುಡ್ಡು ಕೊಟ್ಟು ಹಳೆ ಮೀನು ತಿನ್ನುವುದಿಲ್ಲ, ಅಲ್ವಾ?

ಇನ್ನೊಂದು ಗುರುತು: ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದು ಅಳಿಸಿದ ಕಲೆ. ಇವತ್ತಿನದು ಇವತ್ತು ಬರೆಯುತ್ತಾರೆ ಅಂತ ಅರ್ಥ.

ಹೆಸರು ಗೊತ್ತಿರಲಿ

ಕಾರವಾರದಲ್ಲಿ ಮೀನಿನ ಮಾತು ಅರ್ಧ ಕೊಂಕಣಿ. ಮಂಗಳೂರು ಕಡೆಯ ಹೆಸರು ಹೇಳಿದರೆ ಒಮ್ಮೊಮ್ಮೆ ತಬ್ಬಿಬ್ಬಾಗುತ್ತಾರೆ. ಮೀನಿಗೆ ನುಸ್ತೆ ಅನ್ನುತ್ತಾರೆ, ಊಟಕ್ಕೆ ಜೇವಣ. ಮಂಗಳೂರಿನವರ ಬೂತಾಯಿ ಇಲ್ಲಿ ತಾರ್ಲೆ. ಅಂಜಲ್ ಇಲ್ಲಿ ಇಸವಾಣ. ಕಾಣೆ ಇಲ್ಲಿ ನೊಗಲಿ. ಮಾಂಜಿ ಅಂದರೆ ಪಾಂಪ್ಲೆಟ್. ಸಿಗಡಿಗೆ ಸುಂಗಟ, ಏಡಿಗೆ ಕುರ್ಲಿ. ಚಿಪ್ಪಿನೊಳಗಿನ ಮಾಂಸಕ್ಕೆ ತಿಸ್ರೆ, ಮಂಗಳೂರಿನವರು ಮರುವಾಯಿ ಅನ್ನುವುದು ಇದಕ್ಕೇ. ಬಂಗಡೆ ಮಾತ್ರ ಹೆಚ್ಚು ಕಡಿಮೆ ಎಲ್ಲ ಕಡೆಯೂ ಬಂಗಡೆಯೇ.

ಕೊಂಕಣಿ ಬಾರದಿದ್ದರೆ ಚಿಂತೆ ಬೇಡ. ಎಲ್ಲರಿಗೂ ಕನ್ನಡ ಬರುತ್ತದೆ. ಆದರೂ ನುಸ್ತೆ ಅನ್ನುವ ಒಂದು ಶಬ್ದ ಬಾಯಲ್ಲಿ ಬಂದರೆ ಬಡಿಸುವವರ ಮುಖ ಸ್ವಲ್ಪ ಅರಳುತ್ತದೆ. ನನ್ನ ಉಚ್ಚಾರ ಕೇಳಿ ನಕ್ಕಿದ್ದೂ ಇದೆ. ನಕ್ಕವರು ಸಾರು ಎರಡು ಸೌಟು ಹೆಚ್ಚೇ ಹಾಕಿದರು.

ಕೂತ ಮೇಲೆ ಕೇಳಬೇಕಾದದ್ದು

ಮೆನು ಕಾರ್ಡ್ ಕೇಳಬೇಡಿ. ಕೈ ತೊಳೆದು ಕೂತು, "ಇವತ್ತು ಏನ್ ಬಂದಿದೆ?" ಅಂತ ಕೇಳಿ. ಹೇಳುವವರು ಒಂದೇ ಉಸಿರಿನಲ್ಲಿ ಏಳೆಂಟು ಹೆಸರು ಹೇಳುತ್ತಾರೆ. ಪೂರ್ತಿ ಕೇಳಿಸಿಕೊಂಡು ಎರಡನೆಯ ಪ್ರಶ್ನೆ ಹಾಕಿ: "ಊಟದ ಸಾರಿಗೆ ಯಾವ ಮೀನು ಹಾಕಿದ್ದೀರಿ?" ಇದು ನಿಜವಾದ ಪ್ರಶ್ನೆ. ಖಾನಾವಳಿಯವರು ಬೆಳಿಗ್ಗೆ ಮಾರುಕಟ್ಟೆಗೆ ಹೋದಾಗ ರಾಶಿ ಬಿದ್ದಿದ್ದ, ತಾಜಾ ಕಂಡ ಮೀನನ್ನೇ ಸಾರಿಗೆ ತಂದಿರುತ್ತಾರೆ. ನೂರು ಜನಕ್ಕೆ ಬಡಿಸಬೇಕಲ್ಲ. ಹಾಗಾಗಿ ಆ ದಿನದ ಮೀನು ಯಾವುದು ಅನ್ನುವುದಕ್ಕೆ ಉತ್ತರ ಸಾರಿನ ಪಾತ್ರೆಯಲ್ಲೇ ಇದೆ. ಸಾರು ತಾರ್ಲೆಯದಾದರೆ ಫ್ರೈಯೂ ತಾರ್ಲೆಯದೇ ಹೇಳಿ. ಕಣ್ಣು ಮುಚ್ಚಿಕೊಂಡು ಹೇಳಿ.

ಮೂರನೆಯದು ರೇಟು. ಬೋರ್ಡಿನಲ್ಲಿ ಕೆಲವು ಮೀನಿನ ಮುಂದೆ ಬೆಲೆ ಇರುವುದಿಲ್ಲ, ಎಪಿಎಸ್ ಅಂತ ಇರುತ್ತದೆ. ಸೈಜ್ ನೋಡಿ ರೇಟು ಅಂತ ಅರ್ಥ. ಪಾಂಪ್ಲೆಟ್, ಇಸವಾಣ, ದೊಡ್ಡ ಸಿಗಡಿ, ಏಡಿ ಇವೆಲ್ಲ ಹಾಗೆಯೇ. ಬಂದರಿನ ಹರಾಜಿನಲ್ಲಿ ಬೆಲೆ ದಿನಕ್ಕೊಂದು ತರ ಇರುತ್ತದೆ, ಅವರೇನು ಮಾಡುತ್ತಾರೆ. ಆದರೆ ಕೇಳುವುದು ನಮ್ಮ ಕೆಲಸ. "ತುಂಡು ತೋರಿಸ್ತೀರಾ, ಎಷ್ಟಾಗುತ್ತೆ?" ಅಂತ ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಮಸಾಲೆ ಹಚ್ಚಿದ ತುಂಡುಗಳನ್ನು ತಟ್ಟೆಯಲ್ಲಿ ತಂದು ತೋರಿಸುತ್ತಾರೆ. ಬೆರಳು ಮಾಡಿ ಆರಿಸಿ. ನಾಚಿಕೆ ಪಟ್ಟುಕೊಂಡು ಕೂತರೆ ಬಿಲ್ಲು ಬಂದಾಗ ಮುಖ ಸಪ್ಪೆಯಾಗುತ್ತದೆ. ನನ್ನದು ಆಗಿದೆ.

ಸಿಗಡಿ, ಏಡಿ, ತಿಸ್ರೆ ತಿಂದರೆ ಮೈ ಮೇಲೆ ದದ್ದು ಏಳುವವರು ಮೊದಲೇ ಹೇಳಿ. ಒಂದೇ ಕಾವಲಿಯಲ್ಲಿ ಎಲ್ಲವನ್ನೂ ಹುರಿಯುತ್ತಾರೆ. ಮೀನು ಮುಟ್ಟದ ಗೆಳೆಯರಿದ್ದರೆ ವೆಜ್ ಊಟ ಇಲ್ಲೂ ಸಿಗಬಹುದು. ಆದರೆ ಅಡುಗೆಮನೆ ಒಂದೇ. ನನ್ನ ಶಿರಸಿಯ ಗೆಳೆಯನನ್ನು ನಾನು ಪಕ್ಕದ ಉಡುಪಿ ಹೋಟೆಲಿಗೆ ಕಳಿಸಿ, ಆಮೇಲೆ ಪಾನ್ ಅಂಗಡಿ ಮುಂದೆ ಸಿಗುತ್ತೇನೆ. ಇಬ್ಬರಿಗೂ ಸುಖ.

ತಾಟು ಬಂತು

ತಾಟಿನಲ್ಲಿ ಅನ್ನ, ಸಾರಿನ ಬಟ್ಟಲು, ಒಂದು ಸುಕ್ಕಾ, ಒಂದು ತರಕಾರಿ ಪಲ್ಯ, ಉಪ್ಪಿನಕಾಯಿ, ಹಪ್ಪಳ, ಗುಲಾಬಿ ಬಣ್ಣದ ಸೋಲ್ ಕಡಿ. ಕೆಲವು ಕಡೆ ಒಂದು ಸಣ್ಣ ಮೀನಿನ ಫ್ರೈಯೂ ಊಟದಲ್ಲೇ ಸೇರಿರುತ್ತದೆ. ಅದನ್ನು ನೋಡಿಕೊಂಡೇ ಬೇರೆ ಫ್ರೈ ಹೇಳಿ. ಬಂದವರೆಲ್ಲ ಮಾಡುವ ತಪ್ಪು ಇದು: ಕೂತ ಕೂಡಲೇ ನಾಲ್ಕು ಫ್ರೈ ಹೇಳಿ, ಹೊಟ್ಟೆ ತುಂಬಿದ ಮೇಲೆ ಸಾರಿನ ಬಟ್ಟಲನ್ನು ಹಾಗೇ ಬಿಟ್ಟು ಏಳುವುದು. ನೋಡಲು ಸಂಕಟವಾಗುತ್ತದೆ.

ಅನ್ನ ಎರಡು ತರ. ಬೆಳ್ತಿಗೆ ಮತ್ತು ಕುಚ್ಚಲಕ್ಕಿ. ಕೇಳದಿದ್ದರೆ ಬಿಳಿ ಅನ್ನವೇ ಬರುತ್ತದೆ, ಹೊರಗಿನವರು ಅಂತ ನೋಡಿಯೇ ಗೊತ್ತಾಗುತ್ತದೆ ಅವರಿಗೆ. ಕುಚ್ಚಲಕ್ಕಿ ಕೇಳಿ. ದಪ್ಪ ಕಾಳು, ಗಟ್ಟಿ ಸಾರನ್ನು ಹಿಡಿದುಕೊಳ್ಳುತ್ತದೆ. ಬಿಳಿ ಅನ್ನದ ಮೇಲೆ ಅದೇ ಸಾರು ಜಾರಿ ತಾಟಿನ ಅಂಚಿಗೆ ಓಡುತ್ತದೆ.

ಸಾರಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಹಸಿ ತೆಂಗಿನ ತುರಿ, ಬ್ಯಾಡಗಿ ಮೆಣಸು, ಕೊತ್ತಂಬರಿ ಬೀಜ, ಅರಿಶಿನ, ಹುಣಸೆಹುಳಿ. ಇಷ್ಟನ್ನು ಬೆಣ್ಣೆಯಂತೆ ರುಬ್ಬಬೇಕು. ತರಿ ಉಳಿದರೆ ಸಾರು ಒಡೆದ ಹಾಗೆ ಕಾಣುತ್ತದೆ. ಬಣ್ಣ ಕೆಂಪು ಇದ್ದರೂ ಖಾರ ಅಷ್ಟಿಲ್ಲ, ಬ್ಯಾಡಗಿಯ ಗುಣ ಅದು. ಸಿಗಡಿಗಾದರೆ ಈರುಳ್ಳಿ ಹಾಕುತ್ತಾರೆ. ಬಂಗಡೆ, ತಾರ್ಲೆಗೆ ಈರುಳ್ಳಿ ಇಲ್ಲ. ಅಲ್ಲಿ ಬರುವುದು ತೆಪ್ಪಳ.

ತೆಪ್ಪಳ ಅಂದರೆ ನಮ್ಮ ಘಟ್ಟದ ಮೇಲಿನ ಜುಮ್ಮನಕಾಯಿ. ಕಾಡಿನ ಮುಳ್ಳುಮರದ ಕಾಯಿ, ಮೆಣಸಿನ ಕಾಳಿಗಿಂತ ತುಸು ದೊಡ್ಡದು. ಮಳೆಗಾಲದಲ್ಲಿ ಹಸಿರಾಗಿ ಗೊಂಚಲು ಸಿಗುತ್ತದೆ, ಉಳಿದ ಕಾಲಕ್ಕೆ ಒಣಗಿಸಿ ಇಡುತ್ತಾರೆ. ಬೀಜ ಬೇಡ, ಸಿಪ್ಪೆಯಲ್ಲೇ ಪರಿಮಳ. ನಾಲ್ಕಾರನ್ನು ಜಜ್ಜಿ ಸಾರು ಇಳಿಸುವ ಹೊತ್ತಿಗೆ ಹಾಕುತ್ತಾರೆ. ಎಣ್ಣೆ ಮೀನಿನ ಕಮಟನ್ನು ಅದು ಎತ್ತಿ ಆಚೆ ಇಡುತ್ತದೆ. ಅಗಿಯಬೇಡಿ, ಸಿಕ್ಕಿದರೆ ತಾಟಿನ ಬದಿಗೆ ಇಡಿ. ಗೊತ್ತಿಲ್ಲದೆ ಅಗಿದರೆ ನಾಲಿಗೆ ಜುಂ ಅನ್ನುತ್ತದೆ, ಐದು ನಿಮಿಷ ಏನೂ ರುಚಿ ಗೊತ್ತಾಗುವುದಿಲ್ಲ. ಹೆಸರಿಟ್ಟವರು ಸರಿಯಾಗಿಯೇ ಇಟ್ಟಿದ್ದಾರೆ.

ಕಲಸುವ ಕ್ರಮ ನನ್ನದು ಹೀಗೆ. ಮೊದಲು ಒಂದು ಹಿಡಿ ಅನ್ನಕ್ಕೆ ಬರೀ ಸಾರು, ಮೀನಿಲ್ಲದೆ. ರುಚಿ ತಿಳಿಯುತ್ತದೆ. ಆಮೇಲೆ ತಿಸ್ರೆ ಸುಕ್ಕಾ ಇದ್ದರೆ ಅದರ ಜೊತೆ ಎರಡು ತುತ್ತು. ಬೇಸಿಗೆಯಲ್ಲಿ ಕಾಳಿ, ಅಘನಾಶಿನಿ ಅಳಿವೆಗಳ ಕೆಸರಿನಲ್ಲಿ ನೀರಿಳಿದಾಗ ಹೆಕ್ಕಿದ್ದು ಅದು. ಚಿಪ್ಪನ್ನು ಚೀಪಿ, ಚಿಪ್ಪು ಬಿಡಿ. ಹಲ್ಲಿಗೆ ಮರಳು ಸಿಕ್ಕರೆ ನೆನೆಹಾಕಿ ತೊಳೆದಿಲ್ಲ ಅಂತ ಅರ್ಥ, ಅಲ್ಲಿಗೇ ನಿಲ್ಲಿಸಿ. ನಂತರ ಸಾರಿನ ಮೀನು. ಫ್ರೈ ಬಂದ ಕೂಡಲೇ ತಿನ್ನಿ, ಅದು ಕಾಯುವುದಿಲ್ಲ. ಸಾರು ಮತ್ತು ಅನ್ನ ಎರಡನೆಯ ಸಲ ಹಾಕುತ್ತಾರೆ. ಫ್ರೈ, ಸುಕ್ಕಾ ಹಾಕುವುದಿಲ್ಲ.

ಸೋಲ್ ಕಡಿಯನ್ನು ಬಂದ ಕೂಡಲೇ ಶರಬತ್ತಿನ ಹಾಗೆ ಕುಡಿದುಬಿಡುತ್ತಾರೆ ಹೊಸಬರು. ಅರ್ಧ ಉಳಿಸಿ. ಮುರುಗಲು (ಕೋಕಂ) ಸಿಪ್ಪೆ ನೆನೆಸಿದ ನೀರಿಗೆ ತೆಂಗಿನಹಾಲು, ಹಸಿಮೆಣಸು, ಬೆಳ್ಳುಳ್ಳಿ ಹಾಕಿದ್ದು ಅದು. ಕೊನೆಯ ಹಿಡಿ ಅನ್ನಕ್ಕೆ ಸುರಿದುಕೊಳ್ಳಿ, ನಾವು ಮಜ್ಜಿಗೆ ಅನ್ನ ಉಂಡ ಹಾಗೆ. ತೆಂಗಿನಹಾಲು ಹಾಕದೆ, ತಿಳಿಯಾಗಿ ಒಗ್ಗರಣೆ ಕೊಟ್ಟದ್ದಕ್ಕೆ ಫುಟಿ ಕಡಿ ಅನ್ನುತ್ತಾರೆ. ಅದು ಸಿಕ್ಕಿದ ದಿನ ನಾನು ಸೋಲ್ ಕಡಿ ಕೇಳುವುದಿಲ್ಲ.

ಇಸವಾಣದ ತುಂಡು

ತಾರ್ಲೆ, ತಾರ್ಲೆ ಅಂತ ಇಷ್ಟು ಹೊತ್ತು ಹೇಳಿದೆ. ಆದರೂ ಒಂದು ದೊಡ್ಡ ತುಂಡು ತಿನ್ನಬೇಕು ಅನ್ನುವ ಆಸೆ ಯಾರಿಗಿಲ್ಲ? ದೊಡ್ಡ ಊರುಗಳಲ್ಲಿ ಸ್ಟೇಕ್ ಅಂತ ಬರೆದ ಹೋಟೆಲುಗಳಿವೆಯಲ್ಲ, ಅಲ್ಲಿ ಮಾಂಸದ ದಪ್ಪ ಹೋಳು ಆರಿಸುವ ಶಾಸ್ತ್ರವೇ ಇದೆ. ನಮ್ಮ ಕರಾವಳಿಯಲ್ಲಿ ಆ ಜಾಗ ಇಸವಾಣದ್ದು. ಬಂಗಡೆಯ ವಂಶದ್ದೇ ದೊಡ್ಡ ಮೀನು. ಮೈಗೆ ಅಡ್ಡವಾಗಿ ಕೊಯ್ದರೆ ನಡುವೆ ಒಂದೇ ಮುಳ್ಳು, ಸುತ್ತ ಗಟ್ಟಿ ಬಿಳಿ ಮಾಂಸ. ಮುಳ್ಳಿಗೆ ಹೆದರುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ.

ಆರಿಸುವಾಗ ನಡುಭಾಗದ ತುಂಡು ಕೇಳಿ, ಹೊಟ್ಟೆಯ ತೆಳು ಪದರ ಸೇರಿದ್ದು. ಎಣ್ಣೆ ಇರುವುದು ಆ ಪದರದಲ್ಲಿ. ಕಾವಲಿಯಲ್ಲಿ ಅದು ಗರಿಗರಿಯಾದರೆ ಮಕ್ಕಳು ಅದಕ್ಕೇ ಜಗಳವಾಡುತ್ತಾರೆ. ಬಾಲದ ಕಡೆಯದು ಸಣ್ಣ, ಬೇಗ ಒಣಗುತ್ತದೆ. ತಲೆ ಫ್ರೈಗೆ ಬೇಡ, ಸಾರಿಗೆ ಬೇಕು. ತಲೆ ಸಾರು ಉಳಿದಿದೆಯಾ ಅಂತ ಮೆಲ್ಲಗೆ ಕೇಳಿ ನೋಡಿ. ಹೆಚ್ಚಾಗಿ ಮನೆಯವರೇ ಉಣ್ಣಲು ಇಟ್ಟುಕೊಂಡಿರುತ್ತಾರೆ.

ದಪ್ಪ ಎಷ್ಟು? ಹೆಬ್ಬೆರಳಿನ ದಪ್ಪ ಸಾಕು. ಈಗ ಬಹಳ ಕಡೆ ತೆಳ್ಳಗೆ ಕೊಯ್ಯುತ್ತಾರೆ, ತುಂಡು ಹೆಚ್ಚಾಗುತ್ತದೆಂದು. ತೆಳ್ಳಗಿನದು ಹಪ್ಪಳವಾಗುತ್ತದೆ, ಒಳಗೆ ರಸ ಉಳಿಯುವುದಿಲ್ಲ. ತೀರ ದಪ್ಪ ಇದ್ದರೆ ಮೇಲೆ ಕರಿ, ಒಳಗೆ ಹಸಿ.

ಇನ್ನು ರವಾ ಫ್ರೈಯೋ, ತವಾ ಮಸಾಲೆಯೋ? ರವೆಯಲ್ಲಿ ಹೊರಳಿಸಿ ಹುರಿದರೆ ಹೊರಗೆ ಗರಿ, ಒಳಗೆ ಮೆತ್ತಗೆ. ರವೆಯ ಪದರ ರಸವನ್ನು ಒಳಗೇ ಹಿಡಿಯುತ್ತದೆ. ತವಾದಲ್ಲಿ ಮಸಾಲೆಯ ರುಚಿ ಮುಂದೆ, ಮೀನಿನದು ಹಿಂದೆ. ತಾಜಾ ಮೀನಿಗೆ ರವಾ, ಅನುಮಾನ ಇದ್ದ ದಿನ ಮಸಾಲೆ ಅಂತ ಬೋಟಿನವನೊಬ್ಬ ನಗುತ್ತ ಹೇಳಿದ್ದ. ಅನುಮಾನ ಇದ್ದ ದಿನ ನಾನಂತೂ ಆಮ್ಲೆಟ್ ಹೇಳುತ್ತೇನೆ.

ತುಂಡು ಬಂದ ಮೇಲೆ ನಿಂಬೆ ಹಿಂಡುವ ಮೊದಲು ಒಂದು ಚೂರು ಹಾಗೇ ತಿನ್ನಿ. ಬೆರಳಿನಿಂದ ಒತ್ತಿದರೆ ಮಾಂಸ ಪದರ ಪದರವಾಗಿ ಬಿಡಬೇಕು, ನಡುಮುಳ್ಳಿನಿಂದ ಸಲೀಸಾಗಿ ಬರಬೇಕು. ಹಿಟ್ಟಿನ ಹಾಗೆ ಕಲೆಸಿ ಹೋದರೆ ಹಳೆಯದು. ಮೂಗಿಗೆ ಚುಚ್ಚುವ ಅಮೋನಿಯಾ ವಾಸನೆ ಬಂದರೆ ವಾಪಸ್ ಕೊಡಿ. ಜಗಳ ಬೇಡ, ತಾಟು ತೋರಿಸಿ ಮೆತ್ತಗೆ ಹೇಳಿ. ಒಳ್ಳೆಯ ಖಾನಾವಳಿಯವರು ಮಾತಾಡದೆ ಬದಲಿಸುತ್ತಾರೆ.

ಮುಳ್ಳಿನ ಕೆಲಸ

ಚಮಚ, ಫೋರ್ಕ್ ಬಿಡಿ. ಮುಳ್ಳು ಗೊತ್ತಾಗುವುದು ಬೆರಳಿಗೆ.

ಬಂಗಡೆಯ ಬೆನ್ನಿನಿಂದ ಶುರು ಮಾಡಿ. ತಲೆಯಿಂದ ಬಾಲದವರೆಗೆ ಬದಿಯಲ್ಲಿ ಒಂದು ಗೆರೆ ಕಾಣುತ್ತದೆ. ಅಲ್ಲಿ ಹೆಬ್ಬೆರಳು ಒತ್ತಿ ಮೇಲಿನ ಅರ್ಧವನ್ನು ಸರಿಸಿದರೆ ಇಡೀ ಬೆನ್ನ ಮಾಂಸ ಬರುತ್ತದೆ. ಹೊಟ್ಟೆಯ ಕಡೆ ಸಣ್ಣ ಮುಳ್ಳುಗಳಿವೆ, ಅದನ್ನು ನಿಧಾನಕ್ಕೆ ಬಿಡಿಸಿ. ಒಂದು ಬದಿ ಮುಗಿದ ಮೇಲೆ ಮೀನು ತಿರುಗಿಸಬೇಡಿ. ಬಾಲ ಹಿಡಿದು ನಡುಮುಳ್ಳನ್ನು ಎತ್ತಿದರೆ ತಲೆಸಮೇತ ಏಳುತ್ತದೆ, ಕೆಳಗಿನ ಅರ್ಧ ನಿಮಗೆ. ತಾರ್ಲೆಯೂ ಹೀಗೇ, ಆದರೆ ಮುಳ್ಳು ಕೂದಲಿನಷ್ಟು ಸಣ್ಣ. ಗರಿಯಾಗಿ ಹುರಿದಿದ್ದರೆ ಸಣ್ಣ ಮುಳ್ಳು ಅಗಿದು ತಿನ್ನಬಹುದು. ಸಾರಿನ ತಾರ್ಲೆಯಲ್ಲಿ ಹಾಗೆ ಮಾಡಬೇಡಿ. ಮಕ್ಕಳಿಗೆ ನೊಗಲಿ ಕೊಡಿ, ಮೆದು, ಬಿಡಿಸುವುದು ಸುಲಭ.

ಮುಳ್ಳು ಗಂಟಲಿಗೆ ಸಿಕ್ಕರೆ ಅನ್ನದ ಉಂಡೆ ನುಂಗಿ, ಬಾಳೆಹಣ್ಣು ನುಂಗಿ ಅಂತ ಸುತ್ತಲಿನವರೆಲ್ಲ ಹೇಳುತ್ತಾರೆ. ಚುಚ್ಚಿಕೊಂಡ ಮುಳ್ಳು ಅದರಿಂದ ಇನ್ನೂ ಒಳಗೆ ಹೋಗಬಹುದು. ಮೆಲ್ಲಗೆ ಕೆಮ್ಮಿ ನೋಡಿ, ನೀರು ಕುಡಿಯಿರಿ. ನೋವು ಹೋಗದಿದ್ದರೆ ಆಸ್ಪತ್ರೆಗೆ ಹೋಗಿ. ಪೇಟೆಯಲ್ಲೇ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಇದೆ.

ನಾಲಿಗೆಯ ಬಗ್ಗೆಯೂ ಒಂದು ಎಚ್ಚರ. ತೆಪ್ಪಳದ ಜುಂ ಬೇರೆ, ಕೆಟ್ಟ ಬಂಗಡೆಯ ಚುರುಚುರು ಬೇರೆ. ಬಂಗಡೆ, ತಾರ್ಲೆ, ಗೆದರೆಯಂಥ (ಟ್ಯೂನಾ) ಮೀನನ್ನು ಐಸಿಲ್ಲದೆ ಬಿಸಿಲಲ್ಲಿ ಬಿಟ್ಟರೆ ಅದರಲ್ಲಿ ಹಿಸ್ಟಮಿನ್ ಹುಟ್ಟುತ್ತದೆ. ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ. ತೆಪ್ಪಳವಿಲ್ಲದ ಫ್ರೈ ತಿಂದಾಗಲೂ ಕಾಳುಮೆಣಸು ಕಚ್ಚಿದ ಹಾಗಾದರೆ ಅಲ್ಲಿಗೇ ಬಿಡಿ. ಸ್ವಲ್ಪ ಹೊತ್ತಿನಲ್ಲಿ ಮುಖ ಕೆಂಪಾಗಿ, ಮೈ ತುರಿಸಿ, ತಲೆ ನೋಯತೊಡಗಿದರೆ ಡಾಕ್ಟರಿಗೆ ತೋರಿಸಿ. ಅಪರೂಪ, ಆದರೆ ಗೊತ್ತಿರಬೇಕು.

ಎದ್ದ ಮೇಲೆ

ಕೈ ವಾಸನೆ ಸೋಪಿಗೆ ಹೋಗುವುದಿಲ್ಲ. ಹಿಂಡಿ ಉಳಿದ ನಿಂಬೆ ಸಿಪ್ಪೆ ಬಿಸಾಡಬೇಡಿ, ಉಗುರಿಗೆಲ್ಲ ಉಜ್ಜಿ ತೊಳೆಯಿರಿ. ಬಿಲ್ಲಿನಲ್ಲಿ ಊಟ ಬೇರೆ, ಫ್ರೈ ಬೇರೆ ಬರೆದಿದ್ದಾರಾ ನೋಡಿಕೊಳ್ಳಿ. ಟಿಪ್ಸ್ ಇಷ್ಟೇ ಅಂತ ಇಲ್ಲ. ಮನೆಯವರೇ ಬಡಿಸುವ ಕಡೆ ದುಡ್ಡಿಗಿಂತ ಸಾರು ಚೆನ್ನಾಗಿತ್ತು ಅನ್ನುವ ಮಾತು ಅವರಿಗೆ ಇಷ್ಟ. ಜನ ಕಾಯುತ್ತಿದ್ದರೆ ಕೂತು ಹರಟಬೇಡಿ.

ಮನೆಗೆ ಏನಾದರೂ ಒಯ್ಯುವುದಾದರೆ ಮಾರುಕಟ್ಟೆಯಲ್ಲಿ ಒಣ ತೆಪ್ಪಳ, ಮುರುಗಲು ಸಿಪ್ಪೆ, ಒಣ ಸಿಗಡಿ ಕೇಳಿ. ತೆಪ್ಪಳ ಕೊಳ್ಳುವಾಗ ಮೂಸಿ ನೋಡಿ. ಪರಿಮಳ ಇಲ್ಲದಿದ್ದರೆ ಹೋದ ವರ್ಷದ್ದು. ಹಸಿ ಮೀನು ಬಸ್ಸಿನಲ್ಲಿ ಬೇಡ, ಪಕ್ಕದವರ ಶಾಪ ಯಾಕೆ.

ಫ್ರೈ ಪಾರ್ಸೆಲ್ ಮಾಡಿಸಬೇಡಿ. ಮನೆ ಮುಟ್ಟುವಾಗ ಒದ್ದೆ ಬಟ್ಟೆಯಾಗಿರುತ್ತದೆ. ಬಂಗಡೆ ಸಾರು ಮಾಡಿಸಿ. ಸಾರು ಆರಿದ ಮೇಲೆ ಕಟ್ಟಿಸಿಕೊಳ್ಳಿ, ಮನೆಗೆ ಹೋದ ಕೂಡಲೇ ಕುದಿಸಿ ಇಡಿ. ಮಾರನೆ ದಿನ ಬೆಳಿಗ್ಗೆ ದೋಸೆಗೆ ಅದು ಹಿಂದಿನ ದಿನಕ್ಕಿಂತ ರುಚಿ. ಕಟ್ಟುವಾಗ ಎರಡು ಕವರ್ ಹಾಕಲು ಹೇಳಿ, ಮೇಲೆ ಒಂದು ಡಬ್ಬಿಯೂ ಇರಲಿ. ಒಂದೇ ಕವರ್ ನಂಬಿ ದೇವಿಮನೆ ಘಟ್ಟದ ತಿರುವಿನಲ್ಲಿ ನಾನು ಒಮ್ಮೆ ಕೋರ್ಟಿನ ಕಾಗದಗಳ ಮೇಲೆಲ್ಲ ಸಾರು ಚೆಲ್ಲಿಕೊಂಡಿದ್ದೇನೆ. ಮುಂದಿನ ತಾರೀಕಿಗೆ ಆ ಫೈಲು ತೆರೆದಾಗ ವಕೀಲರು ಮೂಸಿ ನೋಡಿ, "ಬಂಗಡೆಯಾ?" ಅಂದರು.